ಪುಕ್ಕಟೆ ಸೀಟಿನ ಡ್ಯಾಮೇಜು

ಅಮೆರಿಕದ ವಿಶ್ವವಿದ್ಯಾಲಯವೊಂದು ನನ್ನನ್ನು ಐದು ವರ್ಷ ಪುಕ್ಕಟೆ ಓದಿಸುತ್ತದೆ, ಮೇಲೆ ತಿಂಗಳಿಗಿಷ್ಟು ಅಂತ ಕೈಗೂ ಕೊಡುತ್ತದೆ ಎಂದು ನಾನು ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಯಾಕ?"

ನಾನು ಬೇರೆ ಏನನ್ನೋ ನಿರೀಕ್ಷಿಸಿದ್ದೆ. ಏನನ್ನು ಎಂದು ಈಗ ನೆನಪಿಲ್ಲ, ಬಹುಶಃ ಪೇಡೆಯನ್ನು. ಅವತ್ತಿನ ಡೈರಿಯಲ್ಲಿ "ಮೇಲ್ ಬಂತು. ಅಪ್ಪನಿಗೆ ಹೇಳಿದೆ" ಎಂದಷ್ಟೇ ಇದೆ. ನನ್ನ ಡೈರಿ ಇಂಥ ದಿನಗಳಲ್ಲೇ ಕೈಕೊಡುತ್ತದೆ. ಹಲ್ಲುನೋವಿನ ಬಗ್ಗೆ ಮಾತ್ರ ಪುಟಗಟ್ಟಲೆ ಬರೆದುಕೊಂಡಿದ್ದೇನೆ.

"ಯಾಕಂದ್ರ? ನಾ ಚಲೋ ಓದೀನಿ ಅಂತ."

"ನಿನಗಿಂತ ಚಲೋ ಓದಿದೋರು ಅವರ ದೇಶದಾಗ ಇಲ್ಲೇನು?"

ಈ ಪ್ರಶ್ನೆಗೆ ಉತ್ತರ ನನಗೆ ಪಿಎಚ್‌ಡಿ ಮುಗಿಯುವ ಹೊತ್ತಿಗೂ ಸಿಕ್ಕಿರಲಿಲ್ಲ.

ಅಪ್ಪನದು ಬಳ್ಳಾರಿಯಲ್ಲಿ ಜಿಪ್ಪು, ಗುಂಡಿ, ದಾರದ ಅಂಗಡಿ. ಊರಿನ ಜೀನ್ಸ್ ಕಾರ್ಖಾನೆಗಳೇ ಗಿರಾಕಿಗಳು. ಆಗಾಗ ಯಾರಾದರೂ ಡೆನಿಮ್ ಬಟ್ಟೆಯ ಥಾನೊಂದನ್ನು ಅರ್ಧ ಬೆಲೆಗೆ ಕೊಡುತ್ತೇನೆಂದು ತಂದು ಇಳಿಸುತ್ತಿದ್ದರು. ಅಪ್ಪ ಬೆಲೆ ಮಾತಾಡುವ ಮುಂಚೆ ಅಂಗಡಿಯ ನೆಲ ಗುಡಿಸಿಸಿ, ಇಡೀ ಥಾನು ಬಿಚ್ಚಿಸಿ, ಮೊಣಕಾಲೂರಿ ಅದರ ಮೇಲೆ ಬೆರಳಾಡಿಸುತ್ತ ಹೋಗುತ್ತಿದ್ದ. ಎಲ್ಲೋ ನೂಲು ಕಡಿದದ್ದೋ ಬಣ್ಣ ಹಿಡಿಯದೆ ಪಟ್ಟೆ ಬಿದ್ದದ್ದೋ ಕೈಗೆ ಸಿಕ್ಕಿತೆಂದರೆ ಅವನ ಮುಖ ಅರಳುತ್ತಿತ್ತು. ಡ್ಯಾಮೇಜ್ ಸಿಕ್ಕ ಮಾಲನ್ನು ಕೊಳ್ಳುತ್ತಿದ್ದ. ಏನೂ ಸಿಗದ ಥಾನನ್ನು ಸುತ್ತಿಸಿ ವಾಪಸು ಕಳಿಸುತ್ತಿದ್ದ.

"ಡ್ಯಾಮೇಜ್ ಕಂಡ್ರ ಅದರ ಸುತ್ತ ಕತ್ತರಿಸಬೌದು," ಅನ್ನುತ್ತಿದ್ದ. "ನಮಗ ಕಾಣದಿದ್ರ ಗಿರಾಕಿಗೆ ಕಾಣ್ತೈತಿ."

ನನ್ನ ಸೀಟನ್ನೂ ಅವನು ಹೀಗೇ ನೆಲಕ್ಕೆ ಹಾಸಿಕೊಂಡು ಕೂತ. ಏಪ್ರಿಲ್ ನಡುವಿನೊಳಗೆ ನಾನು ಒಪ್ಪಿಗೆ ತಿಳಿಸಬೇಕಿತ್ತು. ಅಪ್ಪ ಹೋಗು ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. "ನೋಡೋಣ" ಅಂದ. ಅಪ್ಪ ಹೂಂ ಅನ್ನದಿದ್ದರೂ ನಾನು ಹೊರಟೇಬಿಡುತ್ತಿದ್ದೆ ಎಂದು ಅಮೆರಿಕದ ಗೆಳತಿಯರಿಗೆ ಹೇಳಿದ್ದೇನೆ. ಹೇಳುವಾಗ ನಂಬಿಕೆ ಬರುವಂತೆಯೇ ಹೇಳುತ್ತೇನೆ. ಆದರೆ ಆ ವಾರಗಳಲ್ಲಿ ನಾನು ಸೂಟ್‌ಕೇಸ್ ಇರಲಿ, ಒಂದು ಕಾಲುಚೀಲವನ್ನೂ ಕೊಂಡಿರಲಿಲ್ಲ.

ಅಪ್ಪನ ಬೆರಳು ಓಡತೊಡಗಿತು.

"ಬಾಂಡ್ ಬರಸ್ಕೊಂತಾರೇನು?"

"ಇಲ್ಲಪ್ಪ."

"ನಡುವ ಬಿಟ್ಟು ಬಂದ್ರ ರೊಕ್ಕ ವಾಪಸ್ ಕೇಳ್ತಾರೇನು?"

"ಇಲ್ಲ."

"ಮತ್ತ ಅಲ್ಲಿ ನಿನ್ನ ಕೆಲಸ ಏನು?"

"ಹುಡುಗರಿಗೆ ಲ್ಯಾಬ್ ಹೇಳಿಕೊಡಬೇಕು. ಪ್ರೊಫೆಸರ್ ಜೊತಿ ಮಣ್ಣಿನ ಮ್ಯಾಲೆ ಸಂಶೋಧನೆ ಮಾಡಬೇಕು."

"ಅಂದ್ರ ಕೂಲಿ."

"ಕೂಲಿ ಅಲ್ಲಪ್ಪ! ಅಸಿಸ್ಟೆಂಟ್‌ಶಿಪ್. ಅದು ಗೌರವ."

"ಕೂಲಿ ಆದ್ರ ಚಲೋನ ಆತು. ಕೂಲಿ ಅಂದ್ರ ನನಗ ತಿಳಿತೈತಿ. ಗೌರವಕ್ಕ ಯಾರು ರೊಕ್ಕ ಕೊಡ್ತಾರ?"

ಆಗಲೇ ಹೌದಪ್ಪ, ಕೂಲಿ ಎಂದು ಒಪ್ಪಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಅಮೆರಿಕದಲ್ಲಿ ನಾನು ಮೊದಲ ಚಳಿಗಾಲವಿಡೀ ಮಾಡಿದ್ದು ಮಣ್ಣು ಸೋಸುವ ಜರಡಿ ತೊಳೆಯುವ ಕೆಲಸ. ಆದರೆ ಆಗ ನಾನು ಹಮ್ಮಿನಲ್ಲಿದ್ದೆ. ಬಳ್ಳಾರಿಯಲ್ಲಿ ಎಂಎಸ್ಸಿ ಮುಗಿಸಿ, ಸಿರುಗುಪ್ಪದ ಸೌಳು ಹೊಲಗಳ ಉಪ್ಪುಮಣ್ಣನ್ನು ಪರೀಕ್ಷಿಸಿ, ಕಂಡ ಕಂಡ ಪ್ರೊಫೆಸರುಗಳಿಗೆ ಮೇಲ್ ಬರೆದು, ಅರ್ಜಿ ಶುಲ್ಕ ಮನ್ನಾ ಮಾಡಿ ಎಂದು ಅರ್ಜಿಗಿಂತ ಉದ್ದದ ವಿನಂತಿ ಕಳಿಸಿ ಗಿಟ್ಟಿಸಿದ ಸೀಟು ಅದು. "ನಿನಗ ಒಂದು ರೂಪಾಯಿ ಖರ್ಚಿಲ್ಲಪ್ಪ," ಎಂದು ದಿನಕ್ಕೊಮ್ಮೆ ಹೇಳುತ್ತಿದ್ದೆ. ನನ್ನ ಲೆಕ್ಕದಲ್ಲಿ ಅದೇ ನನ್ನ ದೊಡ್ಡ ವಾದ. ಹೇಳಿದಷ್ಟೂ ಅಪ್ಪ ಮಂಕಾಗುತ್ತಿದ್ದ. ವಿಮಾನದ ಟಿಕೆಟ್ಟು, ವೀಸಾ ಶುಲ್ಕ, ಅಲ್ಲಿ ಮೊದಲ ಸಂಬಳ ಬರುವವರೆಗಿನ ಬಾಡಿಗೆ ನಮ್ಮ ಮೇಲೆಯೇ ಬೀಳುತ್ತವೆ ಎಂಬುದನ್ನು ನಾನು ಬಾಯಿಬಿಟ್ಟಿರಲಿಲ್ಲ. ಗೆಳತಿಯೊಬ್ಬಳಲ್ಲಿ ಸಾಲ ತರುವ ಯೋಚನೆ ಇತ್ತು. ಇಷ್ಟು ಚೊಕ್ಕ ಮಾಲಿನಲ್ಲಿ ನಾನೇ ಯಾಕೆ ಕಲೆ ತೋರಿಸಲಿ ಎಂದುಕೊಂಡಿದ್ದೆ.

ಯುಗಾದಿಗೆ ಸಿರುಗುಪ್ಪಕ್ಕೆ ಹೋದೆವು. ಅಲ್ಲಿ ಅಮ್ಮನ ಅಣ್ಣನ ಅಕ್ಕಿ ಗಿರಣಿ ಇದೆ. ಮಾಮ ತನ್ನ ಮಗನಿಗೆ ಡಾಕ್ಟರಿಕೆ ಸೀಟು ಕೊಡಿಸಿದ್ದ. ಅದಕ್ಕೆ ಕೊಟ್ಟದ್ದೆಷ್ಟು ಎಂಬುದು ಗಿರಣಿಗೆ ಭತ್ತ ತರುವವರಿಗೂ ಗೊತ್ತಿತ್ತು. ಯಾಕೆಂದರೆ ಮಾಮನೇ ಹೇಳಿದ್ದ. ಆ ಮೊತ್ತ ಅವರ ಮನೆಯ ಪಡಸಾಲೆಯಲ್ಲಿ ಗೋಡೆಗೆ ಹಾಕಿದ ಫೋಟೋದ ಹಾಗೆ ಇತ್ತು. ಬಂದವರು ಒಮ್ಮೆ ತಲೆಯೆತ್ತಿ ನೋಡಿಯೇ ಕೂರುತ್ತಿದ್ದರು.

ಹೋಳಿಗೆ ಬಡಿಸುತ್ತಿದ್ದಾಗ ಮಾಮ ಶುರುಮಾಡಿದ.

"ಏನ್ ಹುಡುಗಿ, ಪುಕ್ಕಟೆ ಅಂತಲ್ಲ? ಊಟ ಹಾಕಿ ಓದಸ್ತಾರಾ, ಹಾಸ್ಟೆಲ್ ಇದ್ದಂಗ?"

"ಹಂಗಲ್ಲ ಮಾಮಾ..."

"ನಮ್ಮ ಹೊಲದ ಸೌಳು ಮಣ್ಣು ಚೀಲದಾಗ ತುಂಬ್ಕೊಂಡು ಹೋದ್ಲು. ನಾ ಏನೋ ಅಂದ್ಕೊಂಡಿದ್ದೆ. ಅದನ್ನ ಅಮೆರಿಕಾಕ್ಕ ಮಾರ್ಯಾಳ ನೋಡ್ರಿ! ನನಗೇನೂ ಪಾಲಿಲ್ಲೇನವ್ವ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾಮ ಅಪ್ಪನ ಕಡೆ ತಿರುಗಿ ದನಿ ತಗ್ಗಿಸಿದ. ಅವನು ದನಿ ತಗ್ಗಿಸಿದರೂ ಅಡುಗೆಮನೆವರೆಗೆ ಕೇಳಿಸುತ್ತದೆ.

"ಭಾವ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾಳೆ ಗಂಡಿನ ಕಡೆಯೋರು ಕೇಳ್ತಾರ, ಮಗಳ ಓದಿಗೆ ಏನು ಹಾಕೀರಿ ಅಂತ. ಏನೂ ಹಾಕಿಲ್ಲ ಅಂದ್ರ ಏನಂತ ತಿಳ್ಕೊಂತಾರ?"

ಅಪ್ಪ ಹೋಳಿಗೆ ಮುರಿಯುತ್ತಿದ್ದವನು ನಿಲ್ಲಿಸಿದ. "ಪೂರಾ ಪುಕ್ಕಟೆ ಏನಲ್ಲ," ಅಂದ. "ನಾನೂ ಹಾಕ್ತೀನಲ್ಲ."

ಮಾಮನ ಹುಬ್ಬು ಮೇಲೇರಿತು. ಆಗ ನಾನು, ಸತ್ಯದ ಮೇಲೆ ಅದೇನು ಪ್ರೀತಿ ಉಕ್ಕಿತೋ, "ಇಲ್ಲ ಮಾಮಾ, ಅಪ್ಪ ಏನೂ ಕೊಡಬೇಕಾಗಿಲ್ಲ. ಎಲ್ಲಾ ಅವರೇ," ಅಂದುಬಿಟ್ಟೆ.

ಅಪ್ಪ ಮುರಿದ ಹೋಳಿಗೆಯನ್ನು ತಟ್ಟೆಯ ಅಂಚಿಗೆ ಸರಿಸಿದ. ಯಾರೋ ತುಪ್ಪ ಕೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿದ್ದ. ಬಳ್ಳಾರಿಯ ಗುಡ್ಡ ಕಾಣುವಾಗ ಒಂದು ಮಾತು ಹೇಳಿದ: "ನೀ ಬಾಯಿ ಮುಚ್ಕೊಂಡಿದ್ರ ನಡೀತಿತ್ತು."

ಅಮೆರಿಕದಲ್ಲಿ ಈ ಕಥೆ ಹೇಳುವಾಗ ನಾನು ಸಿರುಗುಪ್ಪವನ್ನು ಬಿಟ್ಟುಬಿಡುತ್ತೇನೆ. ಅಪ್ಪ ಥಾನಿನ ಮೇಲೆ ಬೆರಳಾಡಿಸುವುದನ್ನು ಮಾತ್ರ ಅಭಿನಯಿಸಿ ತೋರಿಸುತ್ತೇನೆ. ಪ್ರತಿ ಸಲ ಅವನು ಇನ್ನಷ್ಟು ತಮಾಷೆಯ ಮನುಷ್ಯನಾಗುತ್ತಾನೆ, ನಾನು ಇನ್ನಷ್ಟು ತಾಳ್ಮೆಯವಳಾಗುತ್ತೇನೆ. ಹಾಗಾಗಿ ಇಲ್ಲಿ ಸಿರುಗುಪ್ಪವನ್ನು ಬರೆದಿಟ್ಟಿದ್ದೇನೆ.

ಒಪ್ಪಿಗೆಯ ದಿನ ಹತ್ತಿರವಾಯಿತು. ಅಪ್ಪನಿಗೆ ಡ್ಯಾಮೇಜ್ ಸಿಕ್ಕಿರಲಿಲ್ಲ. ಥಾನು ಸುತ್ತಿ ವಾಪಸು ಕಳಿಸುವ ಮುಂಚಿನ ಮುಖ ಬಂದಿತ್ತು ಅವನಿಗೆ. "ಅಕ್ಕನ್ನ ಒಂದು ಮಾತು ಕೇಳೋಣ," ಅಂದ. ಅಪ್ಪನನ್ನು ಸಾಕಿದವಳು ಅವನ ಅಕ್ಕ, ಕುರುಗೋಡಿನಲ್ಲಿರುವ ನನ್ನ ದೊಡ್ಡತ್ತೆ. ಅಂಗಡಿಯ ಜಾಗ ಕೊಳ್ಳುವುದರಿಂದ ಹಿಡಿದು ಕನ್ನಡಕದ ಚೌಕಟ್ಟಿನವರೆಗೆ ಎಲ್ಲದಕ್ಕೂ ಅವಳ ಮಾತು ಬೇಕಿತ್ತು.

ಕುರುಗೋಡಿಗೆ ಹೋದೆವು. ಬಂಡೆಗುಡ್ಡದ ಝಳ ನೇರ ಅತ್ತೆಯ ಮನೆಯೊಳಗೆ ಬರುತ್ತಿತ್ತು. ಅತ್ತೆ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಎಲ್ಲ ಕೇಳಿದಳು. ನಾನು ಹೇಳಿದೆ, ಅಪ್ಪ ನನ್ನ ಮಾತಿನ ನಡುನಡುವೆ ಸೀನಿದ.

"ಫೀಜು ಅವರದಾ?"

"ಅವರದು ಅತ್ತಿ."

"ದವಾಖಾನಿ ಖರ್ಚು?"

"ಅದೂ ವಿಮೆ ಮಾಡಸ್ತಾರ."

"ಮತ್ತ ಅಲ್ಲೀತನಕ ಹ್ಯಾಂಗ ಹೋಗ್ತಿ? ಗಾಡಿ ಕಳಸ್ತಾರೇನು?"

"ಇಲ್ಲ. ವಿಮಾನದ ಟಿಕೆಟ್ ನಮ್ಮದು."

ಅಪ್ಪ ನೆಟ್ಟಗೆ ಕೂತ. "ಏನಂದಿ?"

"ಟಿಕೆಟ್ ನಮ್ಮದು. ವೀಸಾ ಫೀಜೂ. ಮೊದಲ ಸಂಬಳ ಬರೋತನಕ ಬಾಡಿಗಿ, ಅಡ್ವಾನ್ಸು, ಊಟ..."

ಹೇಳುತ್ತ ಹೋದಂತೆ ಅಪ್ಪನ ಮುಖ ಅರಳುತ್ತಿತ್ತು. ನೆಲದ ಮೇಲಿದ್ದ ಅವನ ಬೆರಳು ನಿಜಕ್ಕೂ ಅಲುಗಾಡಿತೋ ಅಥವಾ ಅದನ್ನು ನಾನು ಆಮೇಲೆ ಸೇರಿಸಿಕೊಂಡೆನೋ ಹೇಳಲಾರೆ.

"ನೋಡಕ್ಕಾ!" ಅಂದ. "ಇಷ್ಟು ದಿನ ಒಂದು ರೂಪಾಯಿ ಇಲ್ಲ, ಒಂದು ರೂಪಾಯಿ ಇಲ್ಲ ಅಂತ ನನ್ನ ತಲಿ ತಿಂದಾಳ. ಮೊದಲೇ ಹೇಳಾಕ ಏನಾಗಿತ್ತಲೇ ನಿನಗ?"

"ನಿನಗ ಭಾರ ಆಗ್ತೈತಿ ಅಂತ..."

"ಭಾರ ಆಗ್ಲಿ! ಮಗಳನ್ನ ಕಳಸಾಕತ್ತೀನಿ. ಪಾರ್ಸೆಲ್ ಅಂತ ತಿಳಿದೀಯೇನು, ತಗೊಂಡೋರೇ ಚಾರ್ಜ್ ಕೊಡಾಕ?"

"ಕಳಸು, ಕಳಸು," ಅಂದಳು ಅತ್ತೆ. "ಅಲ್ಲಿ ಮೆಣಸಿನಕಾಯಿ ಸಿಗ್ತಾವೇನು?"

ಗಾಡಿಯ ಪ್ರಶ್ನೆ ಕೇಳಿದ್ದು ತಾನೇ ಎಂದು ಅಪ್ಪ ಈಗಲೂ ಸಾಧಿಸುತ್ತಾನೆ. ಅತ್ತೆಯಂತೂ ತಾನು ಕೇಳಿದ್ದು ಮೆಣಸಿನಕಾಯಿಯದು ಮಾತ್ರ ಎನ್ನುತ್ತಾಳೆ. ಡೈರಿಯಲ್ಲಿ "ಕುರುಗೋಡು. ಮಂಡಕ್ಕಿ ವಗ್ಗಾಣಿ ಚಲೋ ಇತ್ತು. ಸೆಕೆ" ಎಂದಿದೆ. ಅದೇ ಸಂಜೆ ಒಪ್ಪಿಗೆ ಕಳಿಸಿದೆ. ಅದನ್ನೂ ಬರೆದುಕೊಂಡಿಲ್ಲ.

ಮರುದಿನದಿಂದ ಅಪ್ಪನ ಅಂಗಡಿಯಲ್ಲಿ ಜಿಪ್ಪು ಕೊಳ್ಳಲು ಬಂದವರಿಗೆಲ್ಲ ವಿಮಾನದ ದರ ತಿಳಿಯಿತು. ಫೀಜಿನ ಮಾತು ಬಂದರೆ "ಅದನ್ನೂ ಅವರ ಕಡಿಂದ ಒಂದಿಷ್ಟು ಬಿಡಸೀವಿ" ಅನ್ನುತ್ತಿದ್ದ, ಚೌಕಾಸಿ ಮಾಡಿದವನ ಹಾಗೆ. ಅವನು ಟಿಕೆಟ್ ತೆಗೆಸಿದ ಮೇಲೆ ವಿಶ್ವವಿದ್ಯಾಲಯದಿಂದ ಇನ್ನೊಂದು ಮೇಲ್ ಬಂತು. ಹೊಸದಾಗಿ ಬರುವವರ ಪ್ರಯಾಣದ ಖರ್ಚನ್ನೂ ವಿಭಾಗವೇ ಕೊಡುವುದೆಂದು ತೀರ್ಮಾನವಾಗಿದೆ, ಬಂದ ಮೇಲೆ ರಸೀದಿ ತೋರಿಸಿ ಪಡೆಯಿರಿ, ನಿಮಗಿದು ಸಂತಸ ತರುತ್ತದೆಂದು ಭಾವಿಸುತ್ತೇವೆ.

ಅಮ್ಮನಿಗೊಬ್ಬಳಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ನಿಮ್ಮಪ್ಪಗ ಈಗ ಉಂಡಿದ್ದು ಅರಗಾಕತ್ತೈತಿ. ಸುಮ್ನಿರು."

ಹೊರಡುವ ದಿನ ಸಿರುಗುಪ್ಪದ ಮಾಮ ಅಕ್ಕಿಯ ಚೀಲದೊಂದಿಗೆ ಬಂದ. ಅಕ್ಕಿ ಒಯ್ಯುವಂತಿಲ್ಲ ಎಂದರೆ ಅವನಿಗೆ ನಂಬಿಕೆಯಾಗಲಿಲ್ಲ. ಅಪ್ಪ ನನ್ನ ಸೂಟ್‌ಕೇಸಿನ ಮುಂದೆ ಕುಕ್ಕರಗಾಲಲ್ಲಿ ಕೂತು ಜಿಪ್ಪನ್ನು ಅತ್ತಿಂದಿತ್ತ ಎಳೆದು ನೋಡುತ್ತಿದ್ದ.

"ಕಡೀಕೆ ಎಲ್ಲಾ ಸೇರಿ ಬಾಳ ಆತೇನು ಭಾವ?" ಮಾಮ ಕೇಳಿದ.

"ಆತಪಾ. ಏನ್ ಮಾಡಾಕಾಗ್ತೈತಿ. ಮಗಳ ಓದು."

ಮಾಮ ಅಪ್ಪನನ್ನು ಬಿಟ್ಟು ನನ್ನನ್ನು ನೋಡಿದ. ಸತ್ಯ ಎಲ್ಲಿ ಸಿಗುತ್ತದೆಂದು ಯುಗಾದಿಯಿಂದ ಅವನಿಗೆ ಗೊತ್ತಿತ್ತು. "ಹೌದೇನವ್ವ?"

ಅಪ್ಪನ ಕೈ ಜಿಪ್ಪಿನ ಮೇಲೆ ನಿಂತಿತು.

"ಹೌದು ಮಾಮಾ," ಅಂದೆ. "ಟಿಕೆಟ್ಟು, ವೀಸಾ, ಬಾಡಿಗಿ ಎಲ್ಲಾ ಅಪ್ಪನೇ ಹಾಕಿದ್ದು. ಬಾಳ ಖರ್ಚಾತು."

ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು. ವಿಭಾಗದ ಹಣ ಇನ್ನೂ ಬಂದಿರಲಿಲ್ಲ. ಇದನ್ನು ನನಗೆ ನಾನೇ ಬಹಳ ಸಲ ವಿವರಿಸಿಕೊಂಡಿದ್ದೇನೆ.

"ನೀವು ಬಿಡ್ರಿ ಭಾವ, ಗಟ್ಟಿ ಕುಳ," ಅಂದ ಮಾಮ.

ಅಪ್ಪ ತಲೆಯೆತ್ತಲಿಲ್ಲ. ಜಿಪ್ಪಿನ ಹಲ್ಲುಗಳ ಮೇಲೆ ಹೆಬ್ಬೆರಳು ಓಡಿಸುತ್ತ ಒಂದು ಮೂಲೆಯಲ್ಲಿ ಅದನ್ನು ನಿಲ್ಲಿಸಿ, "ಸಿಕ್ತು," ಅಂದ. "ಇಲ್ಲೊಂದು ಹಲ್ಲು ಸೊಟ್ಟ ಆಗೈತಿ. ತಡಿ, ಅಂಗಡಿಗೆ ಹೋಗಿ ಸರಿ ಮಾಡ್ಕೊಂಡು ಬರ್ತೀನಿ. ಅಲ್ಲೀತನಕ ಯಾರೂ ಹೊರಡಬ್ಯಾಡ್ರಿ."