ನೂರ ಇಪ್ಪತ್ತೆಂಟು ಸಹಿ

ಓಮಾ ಗೇಹಾರ್ಟ್ ಮೇಲೆ ನಾವು ಅನುಮಾನಪಟ್ಟೆವು. ನಾವು ಅಂದರೆ ಸೋರ್‌ವುಡ್ ಕಣಿವೆಯವರು, ಅವಳು ಬೇಯಿಸಿ ಹಾಕಿದ್ದನ್ನು ತಿಂದು ದೊಡ್ಡವರಾದ ಮಕ್ಕಳ ಅಪ್ಪ ಅಮ್ಮಂದಿರು. ಈ ಕಥೆ ಹೇಳಲು ನನಗಿಂತ ತಕ್ಕವರು ಊರಲ್ಲಿ ಇದ್ದಾರು. ಆದರೆ ಯಾರೂ ಬಾಯಿ ಬಿಡುವುದಿಲ್ಲ.

ಓಮಾ ನಮ್ಮ ಶಾಲೆಯಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದವಳು. ಹತ್ತೊಂಬತ್ತಕ್ಕೆ ಮದುವೆ, ನಲವತ್ತಕ್ಕೆ ಗಂಡ ಹೋದ. ಕಲ್ಲಿದ್ದಲ ಧೂಳು ಅವನ ಶ್ವಾಸಕೋಶ ತಿಂದಿತ್ತು. ಮಕ್ಕಳಿರಲಿಲ್ಲ. ಎತ್ತರದ ಆಳು, ಮಾತು ಕಡಿಮೆ. ಚುನಾವಣೆ ಬಂದಾಗ ಮಾತ್ರ ಏಪ್ರನ್ ಬಿಚ್ಚಿಟ್ಟು, ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು ನಮ್ಮ ಮತಗಟ್ಟೆಯ ಅಧಿಕಾರಿಯಾಗಿ ಕೂರುತ್ತಿದ್ದಳು. ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದ್ದಳು. ಒಂದು ಸಲ ನಾನು ಗಣಿಯಿಂದ ಓಡೋಡಿ ಬಂದಾಗ ಆರು ಗಂಟೆ ಹೊಡೆದು ಒಂದು ನಿಮಿಷವಾಗಿತ್ತು. "ಆಯ್ತು ಡೋರ್ಸಿ, ಬಾಗಿಲು ಹಾಕಿದೀನಿ," ಅಂದಳು. ಎಷ್ಟು ಬೇಡಿಕೊಂಡರೂ ಬಿಡಲಿಲ್ಲ. ಮಾರನೆಯ ದಿನ ನನ್ನ ಹೆಂಡತಿ ಟ್ರೀವಾಗೆ ಎಂದಿನಂತೆ ಬಿಸಿ ಬಿಸ್ಕತ್ತು ಕಟ್ಟಿ ಕಳಿಸಿದ್ದಳು.

ಆ ವರ್ಷದ ಮೇ ತಿಂಗಳಲ್ಲಿ, ನಮ್ಮ ಪಾರ್ಟಿಯಿಂದ ಅಧ್ಯಕ್ಷ ಪದವಿಗೆ ಯಾರು ನಿಲ್ಲಬೇಕೆಂದು ಕೆಂಟಕಿ ಮತ ಹಾಕಿತು. ಕಣದಲ್ಲಿ ಉಳಿದಿದ್ದವರು ಇಬ್ಬರು, ಇಬ್ಬರೂ ಹೊರರಾಜ್ಯದವರು. ಒಬ್ಬ ಸೆನೆಟರ್, ಇನ್ನೊಬ್ಬಳು ಗವರ್ನರ್. ಸೆನೆಟರ್ ಗಣಿ ಮುಚ್ಚಲು ಬಿಡುವುದಿಲ್ಲ ಅಂದಿದ್ದ. ಗವರ್ನರ್ ಗಣಿಯ ಮಾತೆತ್ತಲಿಲ್ಲ, ಬೆಟ್ಟದ ಹಳ್ಳಿಗಳಿಗೆ ಒಳ್ಳೆ ನೀರಿನ ಪೈಪು ಹಾಕಿಸುತ್ತೇನೆ ಅಂದಿದ್ದಳು. ನಮ್ಮ ಹಳ್ಳದ ನೀರು ಹತ್ತು ವರ್ಷದಿಂದ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಆದರೆ ಗಣಿಯ ಮೇಸ್ತ್ರಿ ಡೆನ್ವರ್ ಸ್ಲೋನ್ ಸೆನೆಟರ್‌ನ ಫಲಕಗಳನ್ನು ತಾನೇ ಟ್ರಕ್ಕಿನಲ್ಲಿ ಹೇರಿಕೊಂಡು ಬಂದು, ಮನೆ ಮನೆಯ ಮುಂದೆ ತಾನೇ ಸುತ್ತಿಗೆ ಹಿಡಿದು ನೆಟ್ಟು ಹೋಗಿದ್ದ. ಯಾರಿಗೆ ಯಾವ ಪಾಳಿ ಎಂದು ಬರೆಯುವವನು ಅವನೇ. ಬೇಡ ಎಂದು ಹೇಳಿದವರು ಯಾರೂ ಇಲ್ಲ.

ಮತದಾನ ಮುಗಿದ ಸಂಜೆ ಓಮಾ ಮತಪತ್ರ ಎಣಿಸುವ ಯಂತ್ರದಿಂದ ಬಂದ ಚೀಟಿಯನ್ನು ಶಾಲೆಯ ಬಾಗಿಲಿಗೆ ಅಂಟಿಸಿದಳು. ಗವರ್ನರ್ ನೂರ ಮೂವತ್ತೊಂದು, ಸೆನೆಟರ್ ಎಪ್ಪತ್ತನಾಲ್ಕು. ಚೀಟಿ ಓದಿದವರು ಇನ್ನೊಮ್ಮೆ ಓದಿದರು. ಯಾರೋ ಒಬ್ಬ, "ತಲೆಕೆಳಗಾಗಿ ಅಂಟಿಸಿದಾಳೇನೋ ನೋಡ್ರಪ್ಪಾ," ಅಂದ. ಯಾರೂ ನಗಲಿಲ್ಲ.

ಎರಡು ದಿನದಲ್ಲಿ ಪತ್ರಿಕೆಯಲ್ಲಿ ರಾಜ್ಯದ ನಕ್ಷೆ ಬಂತು. ಲೂಯಿವಿಲ್, ಲೆಕ್ಸಿಂಗ್ಟನ್ ಕಡೆಯೆಲ್ಲ ಗವರ್ನರ್‌ನ ಹಸಿರು. ಪಶ್ಚಿಮದ ತಂಬಾಕು ಹೊಲಗಳಲ್ಲಿ ಅರ್ಧ ಹಸಿರು, ಅರ್ಧ ಹಳದಿ. ಪೂರ್ವದ ನಮ್ಮ ಬೆಟ್ಟಗಳೆಲ್ಲ ಸೆನೆಟರ್‌ನ ಹಳದಿ. ಆ ಹಳದಿಯ ನಟ್ಟನಡುವೆ ಒಂದೇ ಒಂದು ಹಸಿರು ಚುಕ್ಕೆ: ಸೋರ್‌ವುಡ್. ಇಡೀ ರಾಜ್ಯದಲ್ಲಿ ಸೆನೆಟರ್ ಸೋತದ್ದು ಸಾವಿರದ ನೂರು ಚಿಲ್ಲರೆ ಮತಗಳಿಂದ. ಒಂದು ಮತಗಟ್ಟೆಯಲ್ಲಿ ಅಂಕಿ ಅದಲು ಬದಲಾಗಿದ್ದರೆ ಇನ್ನೂ ಎಷ್ಟು ಕಡೆ ಆಗಿರಬಹುದು ಎಂದು ಸೆನೆಟರ್ ಕಡೆಯ ವಕೀಲರು ಕೇಳಿದರು.

ಅಷ್ಟರಲ್ಲಿ ಇನ್ನೊಂದು ಸುದ್ದಿ ಎದ್ದಿತು. ಮತಪತ್ರಗಳ ಪೆಟ್ಟಿಗೆಯನ್ನು ಕೌಂಟಿ ಕಚೇರಿಗೆ ಮುಟ್ಟಿಸುವಾಗ ಎರಡೂ ಪಾರ್ಟಿಯ ಒಬ್ಬೊಬ್ಬ ಅಧಿಕಾರಿ ಜೊತೆಗಿರಬೇಕು. ನಮ್ಮ ಕಡೆಯಿಂದ ಓಮಾ, ಆ ಕಡೆಯಿಂದ ಶಾಲಾ ಬಸ್ಸಿನ ಚಾಲಕ ಎಮೊರಿ ಕ್ರೇಸ್. ಎಮೊರಿಯ ಟ್ರಕ್ಕಿನಲ್ಲೇ ಹೋದರು. ಅರ್ಧ ಗಂಟೆಯ ದಾರಿಗೆ ಅವರು ತೆಗೆದುಕೊಂಡದ್ದು ಒಂದು ಗಂಟೆ ಹತ್ತು ನಿಮಿಷ. ಪಾಳುಬಿದ್ದ ಚರ್ಚಿನ ಪಕ್ಕ ಟ್ರಕ್ಕು ನಿಂತಿದ್ದನ್ನು ಡೆನ್ವರ್‌ನ ಸೋದರಳಿಯ ಕಂಡಿದ್ದ.

"ನಲವತ್ತು ನಿಮಿಷ," ಎಂದ ಡೆನ್ವರ್, ನಮ್ಮ ಜಗಲಿಯ ಮೆಟ್ಟಿಲ ಮೇಲೆ ಬೂಟು ಊರಿ. "ನೀನೇ ಹೇಳು ಡೋರ್ಸಿ, ಕರೆಂಟ್ ಕೆಲಸ ಮಾಡಿದೋನು ನೀನು. ಯಂತ್ರದ ಅಂಕಿ ಮೊದಲೇ ತಿರುಚಿದ್ರೆ, ಪೆಟ್ಟಿಗೆಯ ಕಾಗದಾನೂ ಅದಕ್ಕೆ ಹೊಂದಿಸೋಕೆ ನಲವತ್ತು ನಿಮಿಷದಲ್ಲಿ ಏನೇನು ಮಾಡಬಹುದು?"

ಮೂವತ್ತು ವರ್ಷ ಗಣಿಯೊಳಗೆ ತಂತಿ ಎಳೆದವನು ನಾನು, ತಂತಿ ಇರುವ ಯಾವುದನ್ನೂ ನಂಬುವವನಲ್ಲ. "ಬಹಳ ಮಾಡಬಹುದು," ಅಂದೆ.

ಅವನು ಹಲಗೆಗೆ ಸಿಕ್ಕಿಸಿದ ಹಾಳೆ ಮುಂದೆ ಹಿಡಿದ. ನಾನು ಸೆನೆಟರ್‌ಗೇ ಮತ ಹಾಕಿದ್ದೇನೆಂದು ದೇವರ ಮೇಲೆ ಆಣೆಯಿಟ್ಟು ಹೇಳುತ್ತೇನೆ, ಎಂದು ಬರೆದಿತ್ತು. ನಾನು ಸೆನೆಟರ್‌ಗೇ ಹಾಕಿದ್ದೆ. ಸಹಿ ಮಾಡಿದೆ. ಡೆನ್ವರ್ ಟ್ರೀವಾ ಕಡೆ ತಿರುಗಿ, "ನೀವು?" ಅಂದ. ಅವಳು ಕೈಯಲ್ಲಿದ್ದ ಹಿಟ್ಟು ಒರೆಸಿಕೊಂಡು ಬಂದು, ಓದದೆಯೇ ಸಹಿ ಹಾಕಿ ಒಳಗೆ ಹೋದಳು.

ಒಂದು ವಾರದಲ್ಲಿ ನೂರ ಇಪ್ಪತ್ತೆಂಟು ಸಹಿ ಬಿದ್ದವು. ಯಂತ್ರ ಹೇಳಿದ್ದು ಎಪ್ಪತ್ತನಾಲ್ಕು. ಆಣೆ ಇಟ್ಟವರು ನೂರ ಇಪ್ಪತ್ತೆಂಟು. ಇನ್ನೇನು ಬೇಕು? ಚರ್ಚಿನಲ್ಲಿ ಓಮಾ ಕೂತ ಬೆಂಚು ಖಾಲಿಯಾಯಿತು. ಅವಳ ಅಂಚೆ ಡಬ್ಬಿಯನ್ನು ಯಾರೋ ಟ್ರಕ್ಕಿನಿಂದ ಗುದ್ದಿ ಕೆಡವಿದರು. ಶಾಲೆಯ ಬೇಸಿಗೆ ಊಟಕ್ಕೆ ಕೆಲವರು ಮಕ್ಕಳನ್ನು ಕಳಿಸುವುದನ್ನೇ ಬಿಟ್ಟರು. ಅಂಕಿ ಬದಲಿಸುವವಳು ಊಟಕ್ಕೆ ಏನು ಬೆರೆಸುತ್ತಾಳೋ ಎಂದು ಒಬ್ಬಳು ಅಂಗಡಿಯಲ್ಲಿ ಹೇಳಿದ್ದನ್ನು ನಾನೇ ಕೇಳಿದೆ. ಕೇಳಿ ಸುಮ್ಮನಿದ್ದೆ.

ಆದರೂ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಅವಳ ಮನೆಗೆ ಹೋದೆ. ಅವಳು ಅಂಗಳದಲ್ಲಿ ಕೂತು ಬೀನ್ಸಿನ ನಾರು ಬಿಡಿಸುತ್ತಿದ್ದಳು.

"ಆ ನಲವತ್ತು ನಿಮಿಷ ಎಲ್ಲಿದ್ರಿ ಓಮಾ?"

"ಟ್ರಕ್ಕಲ್ಲಿ."

"ಏನು ಮಾಡ್ತಿದ್ರಿ?"

"ಕೂತಿದ್ವಿ."

"ಸುಮ್ನೆ?"

"ಡೋರ್ಸಿ, ಪೆಟ್ಟಿಗೆ ನನ್ನ ತೊಡೆ ಮೇಲಿತ್ತು. ಸೀಲು ಒಡೆದಿಲ್ಲ. ಇದಕ್ಕಿಂತ ಹೆಚ್ಚು ನಾನು ಹೇಳೋ ಹಂಗಿಲ್ಲ. ನೀನು ಸಹಿ ಹಾಕಿದೀಯಾ?"

"ನಾನು ಹಾಕಿರೋ ಮತಕ್ಕೆ ಹಾಕಿದೀನಿ. ನಿನ್ನ ಮೇಲೆ ಅಲ್ಲ."

"ಆ ಹಾಳೆಗೆ ಎರಡೂ ಒಂದೇ," ಎಂದು ಅವಳು ಬೀನ್ಸಿನ ಕಡೆ ನೋಡಿದಳು. ಕೂತ್ಕೋ ಅನ್ನಲಿಲ್ಲ. ಹೇಳೋ ಹಂಗಿಲ್ಲ ಅಂದಳಲ್ಲ, ಆ ಮಾತು ದಾರಿಯುದ್ದಕ್ಕೂ ನನ್ನನ್ನು ಚುಚ್ಚಿತು. ಮುಚ್ಚಿಡುವಂಥದ್ದು ಏನೋ ಇದೆ ಎಂದಾಯಿತಲ್ಲ! ಹೋಗುವಾಗ ಅರ್ಧ ಅನುಮಾನವಿತ್ತು, ಬರುವಾಗ ಪೂರ್ತಿಯಾಯಿತು.

ಜೂನ್ ತಿಂಗಳಲ್ಲಿ ನ್ಯಾಯಾಧೀಶರು ಪೆಟ್ಟಿಗೆ ತೆರೆದು ಕೈಯಿಂದ ಎಣಿಸಲು ಒಪ್ಪಿದರು. ಆ ಬೆಳಗ್ಗೆ ಕೌಂಟಿ ನ್ಯಾಯಾಲಯದಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಮೊದಲು ಓಮಾಳನ್ನು ಕರೆದು ಆ ನಲವತ್ತು ನಿಮಿಷದ ಬಗ್ಗೆ ಕೇಳಿದರು.

"ಸ್ವಾಮಿ, ಪೆಟ್ಟಿಗೆ ನನ್ನ ಕೈ ಬಿಟ್ಟಿಲ್ಲ," ಎಂದಳು. "ಯಾಕೆ ನಿಂತ್ವಿ ಅನ್ನೋದು ನನ್ನ ವಿಷಯ ಅಲ್ಲ."

"ಹಾಗಾದ್ರೆ ಯಾರ ವಿಷಯ?"

"ಅದನ್ನೂ ನಾನು ಹೇಳೋ ಹಂಗಿಲ್ಲ," ಎಂದಳು. ಹಿಂದಿನ ಸಾಲಿನಿಂದ ಡೆನ್ವರ್, "ಇನ್ನೇನು ಬೇಕು!" ಎಂದು ಗಟ್ಟಿಯಾಗಿಯೇ ಹೇಳಿದ. ಆಗ ಎಮೊರಿ ಕ್ರೇಸ್ ಎದ್ದ. ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ.

"ನಂದು ಸ್ವಾಮಿ. ನಂಗೆ ಸಕ್ಕರೆ ಕಾಯಿಲೆ. ಆವತ್ತು ಬೆಳಗ್ಗೆಯಿಂದ ಊಟ ಬಿಟ್ಟಿದ್ದೆ. ಕೈ ನಡುಗೋಕೆ ಶುರುವಾಯ್ತು, ಕಣ್ಣು ಕತ್ತಲೆ ಬಂತು, ರಸ್ತೆ ಪಕ್ಕ ನಿಲ್ಲಿಸಿದೆ. ಓಮಾ ತನ್ನ ಬುತ್ತೀಲಿದ್ದ ಜಾಮ್ ಬಿಸ್ಕತ್ತು ತಿನ್ನಿಸಿ ಕೂರಿಸಿದ್ಲು. ಗೊತ್ತಾದ್ರೆ ಬಸ್ಸಿನ ಕೆಲಸ ಹೋಗುತ್ತೆ, ಯಾರಿಗೂ ಹೇಳ್ಬೇಡ ಅಂತ ಕೈ ಹಿಡ್ಕೊಂಡೆ. ನಾಳೆನೇ ಡಾಕ್ಟರ ಹತ್ರ ಹೋದ್ರೆ ಸರಿ, ಹೋಗ್ಲಿಲ್ಲಾಂದ್ರೆ ಶಾಲೆಗೆ ನಾನೇ ಹೇಳ್ತೀನಿ ಅಂದ್ಲು. ನಾನು ಹೋದೆ. ಅವಳು ಹೇಳ್ಲಿಲ್ಲ." ಅವನು ಓಮಾ ಕಡೆ ತಿರುಗಿದ. "ಒಂದು ತಿಂಗಳು ನಾನೂ ಹೇಳ್ಲಿಲ್ಲ."

ಎಮೊರಿಯ ಬಸ್ಸಿನ ಕೆಲಸ ಆ ಬೇಸಿಗೆಯಲ್ಲೇ ಹೋಯಿತು. ಆದರೆ ಆ ಹೊತ್ತಿನಲ್ಲಿ ಅವನ ಮಾತಿಗೆ ಯಾರೂ ಕರಗಲಿಲ್ಲ. ಇಬ್ಬರೂ ಸೇರಿ ಕಟ್ಟಿದ ಕಥೆ ಎಂದು ನನ್ನ ಪಕ್ಕದವನು ಪಿಸುಗುಟ್ಟಿದ. ನನಗೂ ಹಾಗೇ ಅನ್ನಿಸಿತು.

ಸೀಲು ನೋಡಿದರು, ಸರಿಯಾಗಿತ್ತು. ಮೇಜಿನ ಮೇಲೆ ಕಾಗದಗಳನ್ನು ಸುರಿದು, ಇಬ್ಬರೂ ಅಭ್ಯರ್ಥಿಗಳ ಕಡೆಯವರು ಒಂದೊಂದನ್ನೇ ಎತ್ತಿ ಹಿಡಿದು ಓದುತ್ತ ಹೋದರು. ಎರಡು ಗಂಟೆ ಹಿಡಿಯಿತು. ಒಬ್ಬರು ವೃತ್ತ ತುಂಬಿಸದೆ ಸರಿ ಗುರುತು ಹಾಕಿದ್ದನ್ನು ಯಂತ್ರ ಬಿಟ್ಟುಬಿಟ್ಟಿತ್ತಂತೆ, ಅದೊಂದು ಸೆನೆಟರ್‌ಗೆ ಸೇರಿತು. ಗವರ್ನರ್ ನೂರ ಮೂವತ್ತೊಂದು. ಸೆನೆಟರ್ ಎಪ್ಪತ್ತೈದು.

ನ್ಯಾಯಾಧೀಶರು ಆ ಅಂಕಿಗಳನ್ನು ಓದಿ, ಕನ್ನಡಕ ತೆಗೆದು, ಡೆನ್ವರ್ ತಂದಿದ್ದ ಸಹಿಗಳ ಕಟ್ಟನ್ನು ಬೆರಳಿನಿಂದ ತಟ್ಟಿದರು. "ಇಲ್ಲಿ ನೂರ ಇಪ್ಪತ್ತೆಂಟು ಜನ ಆಣೆ ಇಟ್ಟಿದ್ದಾರೆ," ಎಂದರು. "ಸೆನೆಟರ್‌ಗೆ ಮತ ಹಾಕಿದವರು ಎಪ್ಪತ್ತೈದು. ಇದರಲ್ಲಿ ಕಡಿಮೆಯೆಂದರೂ ಐವತ್ಮೂರು ಸುಳ್ಳು ಆಣೆಗಳಿವೆ. ಯಾರವೆಂದು ತಿಳಿಯುವ ಅಧಿಕಾರ ನನಗಿಲ್ಲ, ಯಾರಿಗೂ ಇಲ್ಲ. ಮನೆಗೆ ಹೋಗಿ."

ಯಾರೂ ಕದಲಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ, ಕಳ್ಳಗಣ್ಣಲ್ಲಿ ಪಕ್ಕದವರನ್ನು ನೋಡತೊಡಗಿದರು.

ರಾಜ್ಯದ ಫಲಿತಾಂಶ ಬದಲಾಗಲಿಲ್ಲ, ಬದಲಾದದ್ದು ನಮ್ಮ ಕಣಿವೆ. ಡೆನ್ವರ್ ಯಾರ ಜಗಲಿಗೂ ಹತ್ತುವುದನ್ನು ಬಿಟ್ಟ. ರಸ್ತೆಯಲ್ಲಿ ಟ್ರಕ್ಕು ನಿಧಾನಿಸಿ ಪ್ರತಿ ಮನೆಯನ್ನೂ ದಿಟ್ಟಿಸಿ ಮುಂದೆ ಹೋಗುತ್ತಿದ್ದ. ಪಾಳಿಯ ಪಟ್ಟಿಯಲ್ಲಿ ಯಾರ ಹೆಸರು ಕೆಳಗಿಳಿದರೂ ಅವನು ಇದಕ್ಕೇ ಇಳಿಸಿದ ಎಂದರು. ಯಾರ ಹೆಸರು ಮೇಲೇರಿದರೂ ಆ ಮನುಷ್ಯ ಡೆನ್ವರ್ ಹತ್ತಿರ ಯಾರದೋ ಹೆಸರು ಹೇಳಿಕೊಟ್ಟಿರಬೇಕು ಎಂದರು. ನಾನು ಸತ್ಯವಾಗಿ ಸಹಿ ಹಾಕಿದವನು. ಇದನ್ನು ಎಷ್ಟು ಸಲ ಹೇಳಿದೆನೋ ಅಷ್ಟೂ ಸಲ ಎದುರಿನವರು, "ಹೂಂ, ಹೌದಪ್ಪ," ಎಂದು ತಲೆಯಾಡಿಸಿದರು. ಸುಳ್ಳು ಸಹಿ ಹಾಕಿದವರೂ ಅದನ್ನೇ ಅಲ್ಲವೇ ಹೇಳುತ್ತಿದ್ದುದು!

ಒಂದು ಭಾನುವಾರ ಊಟದ ಹೊತ್ತಿಗೆ ಟ್ರೀವಾ ಚಮಚ ಕೆಳಗಿಟ್ಟು, "ಹಳ್ಳದ ನೀರಲ್ಲಿ ನಿನ್ನ ಅಂಗಿ ಒಗೆಯೋಳು ನಾನು," ಅಂದಳು.

"ಅಂದ್ರೆ?"

"ಅಂದ್ರೆ ಅಷ್ಟೇ. ಡೆನ್ವರ್ ಎದುರಿಗೆ ನಿಂತಿದ್ದ, ನಮ್ಮ ಅಳಿಯನ ಪಾಳಿ ಅವನ ಕೈಲಿತ್ತು. ಏನು ಮಾಡ್ಲಿ?"

ನನಗೆ ಸಿಟ್ಟು ಬಂದದ್ದು ಅವಳ ಮತಕ್ಕಲ್ಲ. "ಓಮಾ ತಪ್ಪು ಮಾಡಿಲ್ಲ ಅಂತ ನಿಂಗೆ ಗೊತ್ತಿತ್ತಲ್ಲೇ! ನಾನಾದ್ರೂ ನಿಜವಾಗ್ಲೂ ಅನುಮಾನಪಟ್ಟಿದ್ದೆ. ನೀನು ಗೊತ್ತಿದ್ದೂ ಹಾಕಿದೆ."

ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಸಂಜೆ ಸೇಬಿನ ಪೈ ಒಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಓಮಾಳ ಮನೆಗೆ ಹೋದಳು. ಬೇಗನೆ ವಾಪಸ್ಸಾದಳು, ಪೈ ಕೈಯಲ್ಲೇ ಇತ್ತು.

"ಬಾಯಿ ತೆಗೆಯೋಕೆ ಮುಂಚೆನೇ ತಡೆದುಬಿಟ್ಲು," ಅಂದಳು. "'ಈ ವಾರ ಪೈ ಹಿಡ್ಕೊಂಡು ಬಂದೋರಲ್ಲಿ ನೀನು ಒಂಬತ್ತನೆಯೋಳು. ನೀನು ಯಾರಿಗೆ ಹಾಕಿದೆ ಅಂತ ನಾನು ಕೇಳ್ಬಾರ್ದು, ನೀನು ಹೇಳ್ಬಾರ್ದು. ಹೋಗು,' ಅಂದ್ಲು. ಬೈದಿದ್ರೆ ಚೆನ್ನಾಗಿರ್ತಿತ್ತು ಡೋರ್ಸಿ."

ಓಮಾ ಆ ವರ್ಷವೇ ಶಾಲೆಯ ಅಡುಗೆ ಬಿಟ್ಟಳು. ಆದರೆ ನವೆಂಬರ್ ಚುನಾವಣೆಗೆ ಕೌಂಟಿಯವರು ಕರೆದಾಗ ಬಂದಳು. ಅವಳ ಪಕ್ಕದ ಕುರ್ಚಿಯಲ್ಲಿ ಎಮೊರಿ ಕೂತಿದ್ದ, ಮುಂದೆ ತಿಂಡಿಯ ಡಬ್ಬಿ ತೆರೆದಿತ್ತು. ನಾವಿಬ್ಬರೂ ಸಾಲಿನಲ್ಲಿ ನಿಂತೆವು. ಟ್ರೀವಾ ನನಗಿಂತ ಮುಂದಿದ್ದಳು. ಮೂವತ್ತೈದು ವರ್ಷ ಇವರಿಬ್ಬರೂ ಒಬ್ಬರ ಅಡುಗೆಮನೆಯಲ್ಲಿ ಇನ್ನೊಬ್ಬರು ಓಡಾಡಿಕೊಂಡು ಇದ್ದವರು.

ಓಮಾ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ತಲೆಯೆತ್ತಿ, "ನಿಮ್ಮ ಹೆಸರು ಹೇಳಿ," ಅಂದಳು.

ಟ್ರೀವಾ ಹೆಸರು ಹೇಳಿದಳು. ಅದು ಓಮಾಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದಳು.

"ವಿಳಾಸ?" ಎಂದಳು ಓಮಾ.