ನಾಲ್ಕನೇ ಬೆರಳಿನ ಕುಂಟು

ಮೊನ್ನೆ ಉಳಿ ಹುಡುಕುತ್ತ ಹತಾರದ ಪೆಟ್ಟಿಗೆಗೆ ಕೈ ಹಾಕಿದರೆ ತಳದಲ್ಲಿ ಸಿಕ್ಕಿದ್ದು ಉಗುರಿನಷ್ಟಗಲದ ಎಮ್ಮೆಕೊಂಬಿನ ಚೂರು. ಒಂದು ಅಂಚು ಸವೆದು ನುಣ್ಣಗಾಗಿದೆ. ಅಂಗಿಯ ಗುಂಡಿಯೇ ಎಂದು ಕೇಳಬೇಡಿ. ನಾನು ಗಿಟಾರ್ ಮೀಟಿದ ಕೊಂಬು ಅದು. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ಇನ್ನೂ ಇದೆ.

ಆ ದೊಡ್ಡ ಯುದ್ಧ ಆಗಷ್ಟೇ ಮುಗಿದಿತ್ತು. ನನ್ನ ಹೆಂಡತಿ ಚಿನ್ನಮ್ಮನ ಅಣ್ಣ ಮುನಿವೆಂಕಟ ಬೆಂಗಳೂರಿನ ದಂಡಿನಲ್ಲಿ ಲಾರಿ ಓಡಿಸುತ್ತಿದ್ದವನು, ಸಿಪಾಯಿಯೊಬ್ಬ ಬಿಟ್ಟುಹೋದ ಗಿಟಾರನ್ನು ಬಗಲಿಗೆ ಹಾಕಿಕೊಂಡು ಸೂಳಗಿರಿಯ ನಮ್ಮ ಮನೆಗೆ ಬಂದ. ನಾನು ಗಾಡಿಚಕ್ರ ಮಾಡುವ ಆಚಾರಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟೆ, ನಿಜ. ಆದರೆ ನನ್ನ ಚಕ್ರ ಹೊಸೂರಿನಿಂದ ಕೃಷ್ಣಗಿರಿಯವರೆಗೆ ಒಮ್ಮೆಯೂ ಕಿರುಗುಟ್ಟದೆ ಹೋಗುತ್ತಿತ್ತು. ಅಂಥವನಿಗೆ ಆರು ತಂತಿ ಯಾವ ಲೆಕ್ಕ? ಎರಡನೆಯ ಮಗಳ ನಾಮಕರಣಕ್ಕೆ ಎರಡು ತಿಂಗಳಿತ್ತು. ತೊಟ್ಟಿಲ ಮುಂದೆ ನಾನೇ ಪದ ನುಡಿಸುತ್ತೇನೆಂದು ಅಂಚೆಟ್ಟಿಯ ಅತ್ತೆಮನೆಗೆ ಹೇಳಿಕಳಿಸಿಬಿಟ್ಟೆ.

ಮುನಿವೆಂಕಟ ಪದ ಕಲಿಸಲಿಲ್ಲ. ತೋರುಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದನ್ನೇ ತಂತಿಯ ಮೇಲೆ ಊರಿಸಿ, "ಒಂದು, ಎರಡು, ಮೂರು, ನಾಕು. ಕೊಂಬು ಕೆಳಕ್ಕೆ, ಮೇಲಕ್ಕೆ. ಆರು ತಂತಿಗೂ ಇಂಗೇ" ಎಂದ.

"ಪದ ಯಾವಾಗ ಬಾವ?"

"ನಾಕನೇ ಬೆಳ್ಳು ಕುಂಟೋದ್ ಬುಟ್ಮೇಲೆ."

ನಾನು ಬಾಚಿ ಬೀಸುವವನ ಹಾಗೆ ಬೀಸಿದೆ. ಮೂರನೇ ದಿನಕ್ಕೆ ಸಣ್ಣ ತಂತಿ ಕಿತ್ತುಬಂದು ನನ್ನ ಮೀಸೆಗೇ ಹೊಡೆಯಿತು.

"ಮೆಲ್ಲಕ್ಕೆ ಕಣ್ಲಾ ಬಾವ, ಅದೇನ್ ಹುಣಸೆ ಕೊರಡಾ?" ಎಂದು ಮುನಿವೆಂಕಟ ತನ್ನಲ್ಲಿದ್ದ ಕೊನೆಯ ತಂತಿ ಕಟ್ಟಿದ.

ಆಮೇಲಿನ ಪಾಠ ಇನ್ನೂ ಕಷ್ಟದ್ದು. ಮೀಟುವುದು ಒಂದೇ ಸಲ. ಉಳಿದ ಮೂರು ಸ್ವರ ಎಡಗೈ ಬೆರಳು ಬಿದ್ದ ಬಿರುಸಿಗೇ, ನಾದ ಕಡಿಯದೆ ಬರಬೇಕು. ನನ್ನ ಕಿರುಬೆರಳಿನದು ಮೂಕಸ್ವರ. ಅವನು ಗೋಡೆಯ ಕಡೆ ತಿರುಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ ಗುಟ್ಟಾಗಿ ಇನ್ನೊಂದು ಮೀಟು ಸೇರಿಸಿದೆ.

"ಕದ್ದೆ," ಎಂದ, ತಿರುಗದೆಯೇ. "ಮರ ಕೀಸುವಾಗ ಕೀಸುಳೀನ ಮಧ್ಯದಲ್ಲಿ ಎತ್ತೀಯೇನ್ಲಾ?"

"ಎತ್ತಿದ್ರೆ ಸುರುಳಿ ತುಂಡಾಯ್ತದೆ."

"ಇದೂ ಅಂಗೇಯ."

ಕೆಲಸ ಕಲಿಯಲು ಬಂದವರಿಗೆಲ್ಲ ನಾನೇ ಗದರುತ್ತಿದ್ದ ಮಾತು ಅದು! ಅಂದಿನಿಂದ ಬಾಚಿಯ ಹಿಡಿಯೂ ನನಗೆ ಗಿಟಾರೇ. ಬಿಡುವಾದಾಗಲೆಲ್ಲ ಅದರ ಮೇಲೆ ನಾಲ್ಕು ಬೆರಳೂ ಕುಣಿಯುತ್ತಿದ್ದವು. ಕೃಷ್ಣಗಿರಿಯ ಗಿರಾಕಿಯೊಬ್ಬ ನೋಡಿ, "ಎನ್ನ ಆಸಾರಿ, ಕೈಕ್ಕು ಎನ್ನ ಆಚ್ಚು?" ಎಂದು ತಮಿಳಿನಲ್ಲಿ ನನ್ನ ಕೈಗೆ ಏನಾಯಿತೆಂದು ಮರುಗಿ, ನರಕ್ಕೆ ಹಚ್ಚುವ ಎಣ್ಣೆ ಹೇಳಿಹೋದ.

ಚಿನ್ನಮ್ಮ ಅಳುತ್ತಿದ್ದ ಮಗುವನ್ನು ತಂದು ನನ್ನ ಹೆಗಲಿಗೆ ಹಾಕಿದಳು. "ಕಟ್ಟಿಗೆ ತಟ್ಟೋ ಬದ್ಲು ಇದ್ರ ಬೆನ್ನಾದ್ರೂ ತಟ್ಟಿ, ಪುಣ್ಯ ಬತ್ತದೆ."

ತಟ್ಟಿದೆ. ಒಂದು, ಎರಡು, ಮೂರು, ಕುಂಟಿಕೊಂಡು ನಾಲ್ಕು. ಮಗು ಮಲಗಿಬಿಡುತ್ತಿತ್ತು.

ನಾಮಕರಣ ಬಂತು. ನನಗೆ ಒಂದೇ ಒಂದು ಪದವೂ ಬರುತ್ತಿರಲಿಲ್ಲ. ಅಂಚೆಟ್ಟಿಯಿಂದ ನಡೆದು ಬಂದ ಅತ್ತೆ, ನೆಂಟರು ಎಲ್ಲ ತೊಟ್ಟಿಲ ಸುತ್ತ ಕೂತಿದ್ದಾರೆ. ಮಗು ಸೂರು ಹಾರುವಂತೆ ಕಿರುಚುತ್ತಿದೆ. ಬೇರೆ ದಾರಿ ಕಾಣದೆ ಬಂದದ್ದನ್ನೇ ಹಿಡಿದೆ. ಒಂದು ಮೀಟು, ಮೂರು ಬೆರಳು. ತಂತಿಯಿಂದ ತಂತಿಗೆ, ಮೇಲೆ, ಮತ್ತೆ ಕೆಳಗೆ. ಎರಡನೇ ಸುತ್ತಿಗೆ ಅಳು ನಿಂತಿತು. ಬೆನ್ನಿಗೆ ಗೊತ್ತಿದ್ದ ಕುಂಟು ಕಿವಿಗೂ ಗೊತ್ತಾಯಿತೋ ಏನೋ, ಮಗು ಕಣ್ಣು ಮುಚ್ಚಿತು.

"ಯಾವ ಪದ ಅಳಿಯಂದ್ರೇ ಇದು?" ಅತ್ತೆ ಪಿಸುಗುಟ್ಟಿದರು.

ಮುನಿವೆಂಕಟ ಟವೆಲಿನಲ್ಲಿ ಮುಖ ಮುಚ್ಚಿಕೊಂಡೇ ಹೇಳಿದ: "ಮಾತಿಲ್ದಿರೋ ಪದ ಕಣಮ್ಮ. ಬಲೇ ಕಷ್ಟದ್ದು."

ನೆಂಟರೆಲ್ಲ ತಲೆದೂಗಿದರು. ನಾನೂ ತೂಗಿದೆ. ಗಿಟಾರ್ ಅವನ ಜೊತೆ ಹೋಯಿತು, ಕೊಂಬು ಹತಾರದ ಪೆಟ್ಟಿಗೆಯ ತಳ ಸೇರಿತು. ಆ ಹೊಗಳಿಕೆ ಮಾತ್ರ ಇಷ್ಟು ವರ್ಷ ನನ್ನ ಹತ್ತಿರವೇ ಇತ್ತು.

ಮೊನ್ನೆ ಕೊಂಬನ್ನು ಬಲಗೈಲಿ ಹಿಡಿದು, ಪೆಟ್ಟಿಗೆಯ ಮುಚ್ಚಳದ ಮೇಲೆ ಎಡಗೈ ಬೆರಳು ಊರಿದೆ. ಒಂದು, ಎರಡು, ಮೂರು, ನಾಲ್ಕು.

"ನಾಕನೇದು ಇನ್ನೂ ಕುಂಟ್ತದೆ," ಒಲೆಯ ಮುಂದಿನಿಂದ ಚಿನ್ನಮ್ಮನ ದನಿ.

ಬೇರೆ ದಿನವಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಹುಡುಕುತ್ತಿದ್ದ ಉಳಿಯನ್ನು ಮರೆತು, ಮತ್ತೆ ಒಂದರಿಂದ ಶುರುಮಾಡಿದೆ.