ಲಾನ್ಸಿ ಭಾವನ ಜಿಪಿಎಸ್

ನನ್ನ ಅಕ್ಕ ಹಿಲ್ಡಾಳ ಗಂಡ ಲಾನ್ಸಿಯನ್ನು ನನಗೆ ಕಂಡರಾಗದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ನಾನು ನ್ಯಾಯವಾಗಿ ಬರೆಯುತ್ತೇನೆಂದು ಯಾರೂ ನಂಬಿ ಕೂರಬಾರದು. ಎದುರಿಗೆ ಸಿಕ್ಕಾಗ ಭಾವ, ನೀವು, ಎಲ್ಲ ಉಂಟು. ಬರೆಯುವಾಗ ಬಹುವಚನ ಕೊಡುವಷ್ಟು ಮರ್ಯಾದೆ ನನ್ನಲ್ಲಿ ಉಳಿದಿಲ್ಲ.

ಮೆಲ್ಬರ್ನಿನ ಕ್ರಾನ್‌ಬರ್ನಿನಲ್ಲಿ ಅವನ ಮನೆ. ವಾರವೆಲ್ಲ ಬಸ್ಸು ಓಡಿಸುತ್ತಾನೆ. ಶನಿವಾರ ಬಂತೆಂದರೆ ಅಲ್ಯೂಮಿನಿಯಂ ದೋಣಿಯನ್ನು ಕಾರಿನ ಹಿಂದೆ ಕಟ್ಟಿಕೊಂಡು ವೆಸ್ಟರ್ನ್ ಪೋರ್ಟ್ ಕೊಲ್ಲಿಗೆ ಹೊರಡುತ್ತಾನೆ. ಅಲ್ಲಿ ವೈಟಿಂಗ್ ಎಂಬ ಮೀನು ಸಿಗುತ್ತದೆ. ನಮ್ಮ ಮಂಗಳೂರಿನ ಕಾಣೆ ಮೀನಿನ ದೊಡ್ಡಣ್ಣ ಅದು. ರವೆ ಹಚ್ಚಿ ಹುರಿದರೆ ಊರಿನದ್ದೇ ರುಚಿ. ಆದಿತ್ಯವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಕಾರ್ ಪಾರ್ಕಿನಲ್ಲಿ ಲಾನ್ಸಿ ಐಸ್ ಬಾಕ್ಸಿನ ಮುಚ್ಚಳ ತೆಗೆದರೆ ಮಂಗಳೂರಿನವರೆಲ್ಲ ಸುತ್ತ ಬಂದು ನಿಲ್ಲುತ್ತಾರೆ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಒಬ್ಬರಿಗೆ ಒಂದು ಜಾಗ ಹೇಳುತ್ತಾನೆ, ಇನ್ನೊಬ್ಬರಿಗೆ ಇನ್ನೊಂದು. ಆ ಸುಳ್ಳು ಹೇಳುವಾಗ ಅವನ ಮುಖಕ್ಕೆ ಬರುವ ಕಳೆ ಪರಮಪ್ರಸಾದ ತೆಗೆದುಕೊಳ್ಳುವಾಗಲೂ ಬಂದದ್ದನ್ನು ನಾನು ಕಂಡಿಲ್ಲ.

ಆ ಕೊಲ್ಲಿ ಸುಮ್ಮನೆ ಅಲ್ಲ. ಇಳಿತ ಶುರುವಾದರೆ ನೀರು ಸರಸರನೆ ಸರಿದು ಕೆಸರಿನ ದಿಬ್ಬಗಳು ಏಳುತ್ತವೆ. ದೋಣಿ ಕೂತರೆ ಕೂತಂತೆಯೇ, ಇಳಿದು ನಡೆಯಹೋದರೆ ಸೊಂಟದವರೆಗೆ ಹೂತುಹೋಗುತ್ತೇವೆ. ೨೦೧೫ರ ಚಳಿಗಾಲದಲ್ಲಿ ಮಂಜು ಕವಿದು ಲಾನ್ಸಿ ದಾರಿ ತಪ್ಪಿದ, ಹೇಗೋ ಸಂಜೆ ಮನೆ ಮುಟ್ಟಿದ. ಹಿಲ್ಡಾ ವೃದ್ಧರ ಆರೈಕೆ ಮನೆಯಲ್ಲಿ ಕೆಲಸ ಮಾಡುವವಳು, ಸುಲಭಕ್ಕೆ ಕೂಗಾಡುವ ಹೆಂಗಸಲ್ಲ. ಅವತ್ತು ಕೂಗಾಡಿದಳು.

"ಜಿಪಿಎಸ್ ಇಲ್ಲದೆ ಇನ್ನು ದೋಣಿ ನೀರಿಗಿಳಿಸ್ಲಿಕ್ಕಿಲ್ಲ. ನೀವು ಬಾರದಿದ್ರೆ ನಾನು ಎಲ್ಲಿ ಅಂತ ಹುಡುಕುದು?"

ಅವಳಿಗೆ ಬೇಕಾದದ್ದು ಅಷ್ಟೇ. ಗಂಡ ಮೀನು ಹಿಡಿಯುವುದು ಬೇಡವೆನ್ನಲಿಲ್ಲ. ಬಾರದ ದಿನ ಎಲ್ಲಿ ಹುಡುಕಬೇಕೆಂದು ತನಗೆ ತಿಳಿದಿರಬೇಕು, ಅಷ್ಟು ಸಾಕು ಎಂದಳು.

ಮರುವರ್ಷ ಈಸ್ಟರಿಗೆ ಇಬ್ಬರೂ ಸಿಡ್ನಿಗೆ, ನಮ್ಮ ಮನೆಗೆ ಬಂದರು. ನನ್ನದು ಮ್ಯಾಕ್ವೆರಿ ಪಾರ್ಕಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ, ಒಂದು ಇಸ್ತ್ರಿಪೆಟ್ಟಿಗೆ ಕೊಳ್ಳುವಾಗಲೂ ಹತ್ತು ವಿಮರ್ಶೆ ಓದುತ್ತೇನೆ. ಜಿಪಿಎಸ್ ಆರಿಸಿಕೊಡು ಎಂದು ಅಕ್ಕ ಕೇಳಿದ್ದಳು. ಎಲ್ಲ ಓದಿಟ್ಟುಕೊಂಡೇ ಅವರನ್ನು ಬೇಟೆ ಮತ್ತು ಮೀನುಗಾರಿಕೆಯ ಸಾಮಾನು ಮಾರುವ ಅಂಗಡಿಗೆ ಕರೆದೊಯ್ದೆ.

ನಾನು ಆರಿಸಿದ್ದು ಒಂದು ಗುಂಡಿ ಒತ್ತಿದರೆ ನಾವಿರುವ ಜಾಗವನ್ನು ಉಪಗ್ರಹದ ಮೂಲಕ ಮನೆಯ ಫೋನಿಗೆ ಕಳಿಸುವ ಮಾದರಿ. ಲಾನ್ಸಿ ಅದನ್ನು ನಾರುವ ಮೀನು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದ.

"ಇದು ಯಾರಿಗೆ ಕಳಿಸುದು?"

"ಅಕ್ಕನಿಗೆ, ಭಾವ. ಸೇಫ್ಟಿಗೆ."

"ಅವಳಿಗೆ ಹೋದದ್ದು ನಿನಗೆ ಬಾರದೆ ಇರ್ತದಾ? ಅವಳು ನಿನಗೆ ಫೋನ್ ಮಾಡದ ದಿನ ಉಂಟಾ? ಆಮೇಲೆ ನೀನು ನಿನ್ನ ಆಫೀಸಿನವರನ್ನೆಲ್ಲ ಕಟ್ಕೊಂಡು ಬರ್ತಿ. ನನಗೆ ಮಾತಾಡುವ ಜಿಪಿಎಸ್ ಬೇಡ ಮಾರಾಯ."

ಅಂಗಡಿಯ ಹುಡುಗಿಯ ಮುಂದೆ ನನ್ನ ಮುಖ ಕೆಂಪಾಯಿತು. ನಿಮ್ಮ ಮೀನು ಯಾರಿಗೆ ಬೇಕು ಎಂದೆ. ನಿನಗೇ ಬೇಕು, ಪ್ರತಿ ಸಲ ಎರಡೆರಡು ಸಲ ಬಡಿಸಿಕೊಳ್ಳುತ್ತಿ ಎಂದ. ಹಿಲ್ಡಾ ನಮ್ಮಿಬ್ಬರಿಗೂ ಸಾಕು ಮಾಡಿ ಎಂದಳು.

ಕೊನೆಗೆ ಅವನೇ ಒಂದನ್ನು ಆರಿಸಿದ. ಕಪ್ಪುಬಿಳುಪು ಪರದೆ, ಎರಡು ಪೆನ್ಸಿಲ್ ಸೆಲ್ಲು, ಒದ್ದೆ ಕೈಯಲ್ಲೂ ಒತ್ತಬಹುದಾದ ದಪ್ಪ ಗುಂಡಿಗಳು. ನಕ್ಷೆ ಇಲ್ಲ. ನೀನು ಇಲ್ಲಿದ್ದಿ, ನೀನು ಗುರುತು ಹಾಕಿದ ಜಾಗ ಅತ್ತ ಉಂಟು ಎಂದು ಬಾಣ ತೋರಿಸುತ್ತದೆ, ಕೆಳಗೆ ಆ ಜಾಗದ ಅಕ್ಷಾಂಶ ರೇಖಾಂಶದ ಅಂಕಿಗಳು, ಅಷ್ಟೇ. ಅಂಗಡಿಯ ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದು ಅಕ್ಷರ ಕಾಣುತ್ತದೆಯೇ ಎಂದು ನೋಡಿದ, ನೀರಿಗೆ ಬಿದ್ದರೆ ತೇಲುತ್ತದೆಯೇ ಎಂದು ಕೇಳಿದ. ಸಣ್ಣ ದೋಣಿಯವನಿಗೆ ಅದಕ್ಕಿಂತ ಒಳ್ಳೆಯ ಆಯ್ಕೆ ಇರಲಿಲ್ಲ. ಅದನ್ನು ಅವನಿಗೆ ಹೇಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

"ಸರಿ," ಎಂದಳು ಹಿಲ್ಡಾ. "ಅದು ಮಾತಾಡದಿದ್ರೆ ನೀವು ಮಾತಾಡಿ. ಹೊರಡುವ ಮೊದಲು ಜಾಗದ ನಂಬರ್ ನನಗೆ ಹೇಳ್ಬೇಕು. ನಾನು ಫೋನಲ್ಲಿ ಸೇವ್ ಮಾಡಿಡ್ತೇನೆ."

ಹೇಳುತ್ತೇನೆ ಎಂದು ಮರಿಯಮ್ಮನ ಮೇಲೆ ಆಣೆ ಹಾಕಿದ.

ಜೂನ್ ತಿಂಗಳ, ಅಂದರೆ ಇಲ್ಲಿಯ ಚಳಿಗಾಲದ, ಲಾಂಗ್ ವೀಕೆಂಡಿಗೆ ನಾನು ಕ್ರಾನ್‌ಬರ್ನಿಗೆ ಹೋದೆ. ಶನಿವಾರ ನಾನೂ ಬರುತ್ತೇನೆ ಎಂದೆ, ದೋಣಿ ಚಿಕ್ಕದು ಎಂದ. ನನಗಿಂತ ದಪ್ಪದವರನ್ನು ಆ ದೋಣಿಯಲ್ಲಿ ಕೂರಿಸಿಕೊಂಡ ಫೋಟೋಗಳು ಗೋಡೆಯ ಮೇಲೆಯೇ ಇದ್ದವು. ಬೆಳಗಿನ ಚಾ ಕುಡಿಯುತ್ತ ಅವನು ಜಿಪಿಎಸ್ ನೋಡಿ ಒಂದೊಂದೇ ಅಂಕಿ ಓದಿದ, ಹಿಲ್ಡಾ ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಒತ್ತಿದಳು. ನಾನು ಎದುರಿಗೇ ಕೂತು ಬ್ರೆಡ್ಡು ತಿನ್ನುತ್ತಿದ್ದೆ. ನಡುವೆ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದ.

ಮಧ್ಯಾಹ್ನದ ಊಟಕ್ಕೆ ಬರಬೇಕಾದವನು ಬರಲಿಲ್ಲ. ಫೋನ್ ಸ್ವಿಚ್ ಆಫ್. ಸ್ವಲ್ಪ ಹೊತ್ತು ಕಾದು ಹಿಲ್ಡಾ ತುರ್ತು ನಂಬರಿಗೆ ಫೋನ್ ಮಾಡಿ, ಸೇವ್ ಮಾಡಿದ್ದನ್ನು ಓದಿ ಹೇಳಿದಳು. ನಾವು ದೋಣಿ ಇಳಿಸುವ ಕಟ್ಟೆಗೆ ಓಡಿದೆವು. ಅವನ ಕಾರು, ಖಾಲಿ ಟ್ರೇಲರು ಅಲ್ಲೇ ನಿಂತಿದ್ದವು. ರಕ್ಷಣಾ ದೋಣಿಯವರು ಹೋಗಿ ರೇಡಿಯೋದಲ್ಲಿ ಹೇಳಿದರು: ಆ ಜಾಗದಲ್ಲಿ ನೀರು ಬಿಟ್ಟರೆ ಏನೂ ಇಲ್ಲ.

"ನಾನೇ ತಪ್ಪು ಒತ್ತಿದೆ ಕಾಣ್ತದೆ ನೈಜೆಲ್. ಮೂರೋ ಎಂಟೋ ಸರಿ ಕಾಣ್ಲಿಲ್ಲ ನನಗೆ." ಗಾಳಿಗೆ ನಡುಗುತ್ತ ಅಕ್ಕ ಅದನ್ನೇ ಹೇಳಿದಳು. ಮೂರನ್ನು ಎಂಟು ಮಾಡಿ ನೋಡಿದಳು, ಎಂಟನ್ನು ಮೂರು ಮಾಡಿ ನೋಡಿದಳು, ಆ ಜಾಗಗಳಿಗೂ ದೋಣಿ ಕಳಿಸಿ ಎಂದು ಬೇಡಿದಳು. ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳದ ತನಗೆ ತಾನೇ ಬೈದುಕೊಂಡಳು. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಹೊತ್ತು ಮುಳುಗುವ ಮುಂಚೆ ಹೆಲಿಕಾಪ್ಟರಿನವರಿಗೆ ಅವನು ಕಂಡ. ಕೊಲ್ಲಿಯ ಇನ್ನೊಂದು ಬದಿಯ ಕೆಸರಿನಲ್ಲಿ ದೋಣಿ ಕೂತಿತ್ತು. ತಳ್ಳಲೆಂದು ಇಳಿದವನು ಹೂತು, ಫೋನನ್ನು ಕೆಸರಿಗೆ ಕೊಟ್ಟು, ಹೇಗೋ ದೋಣಿಯ ಅಂಚು ಹಿಡಿದು ಒದ್ದೆ ಬಟ್ಟೆಯಲ್ಲಿ ಚಳಿಗೆ ಸೆಟೆದುಹೋಗಿದ್ದ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಮರುದಿನ ಆಸ್ಪತ್ರೆಯಲ್ಲಿ ಅವನಿಗೆ ಮಾತು ಬಂತು. ಹಿಲ್ಡಾ ಅವನ ಕೈ ಹಿಡಿದು ಕೂತಿದ್ದಳು. "ನನ್ನಿಂದ ತಡ ಆಯ್ತು. ನಂಬರ್ ತಪ್ಪು ಒತ್ತಿದೆ ನಾನು, ಕ್ಷಮಿಸಿ," ಎಂದು ಅತ್ತಳು. ಲಾನ್ಸಿ ಅವಳ ಕೈ ತಟ್ಟಿದ. "ಹೋಗ್ಲಿ ಬಿಡು," ಎಂದ. ಕ್ಷಮಿಸಿಯೇಬಿಟ್ಟ ಪುಣ್ಯಾತ್ಮ! ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದ.

"ನೈಜೆಲ್, ನನ್ನನ್ನು ಎಲ್ಲಿಂದ ಎತ್ತಿದ್ದು ಅಂತ ನಮ್ಮವರಿಗೆ ಯಾರಿಗಾದ್ರೂ ಗೊತ್ತಾಯ್ತಾ?"

ಹಿಲ್ಡಾ ಅಳು ನಿಲ್ಲಿಸಿದಳು. ಅವನ ಮುಖವನ್ನೇ ನೋಡಿದಳು.

"ನೀವು ನನಗೆ ಓದಿ ಹೇಳಿದ್ದು ಸರಿಯಾದ ನಂಬರಾ?"

ಅವನು ಸೂರು ನೋಡಿದ. "ಇವ ಎದುರಿಗೇ ಕೂತಿದ್ನಲ್ಲ," ಎಂದ, ಅದೇ ಉತ್ತರವೆಂಬಂತೆ.

ಹಿಲ್ಡಾ ಕೈ ಬಿಟ್ಟಳು. ಅವನ ಬಟ್ಟೆಬರೆ ತುಂಬಿದ್ದ ಪ್ಲಾಸ್ಟಿಕ್ ಚೀಲದಿಂದ ಜಿಪಿಎಸ್ ತೆಗೆದು, ಅದಕ್ಕೆ ಮೆತ್ತಿದ್ದ ಕೆಸರನ್ನು ಕೋಟಿನ ತೋಳಿನಲ್ಲೇ ಒರೆಸಿ ಗುಂಡಿ ಒತ್ತಿದಳು. ಅದು ಹೊತ್ತಿಕೊಂಡಿತು. ಅವನು ಹಾಕಿಟ್ಟ ಗುರುತು ಅದರಲ್ಲಿತ್ತು. ಇಗರ್ಜಿಯ ಮಂಗಳೂರಿನವರದ್ದೊಂದು ವಾಟ್ಸ್ಆ್ಯಪ್ ಗ್ರೂಪ್ ಉಂಟು, ಹಬ್ಬ, ಮರಣ, ಬಾಡಿಗೆ ಮನೆ ಎಲ್ಲ ಅದರಲ್ಲೇ. ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಅದರಲ್ಲಿ ಬರೆದಳು. ಸರಿಯಿದೆಯೇ ಎಂದು ನನಗೆ ತೋರಿಸಿದಳು. ಕೆಳಗೆ "ಲಾನ್ಸಿ ಕಾಣೆ ಮೀನು ಹಿಡಿಯುವ ಜಾಗ" ಎಂದು ಸೇರಿಸಿದಳು.

"ಹಿಲ್ಡಾ, ಬೇಡ! ಬೇಡ ಹೇಳ್ತೇನೆ!" ಲಾನ್ಸಿ ಏಳಹೋದ. ಕೈಗೆ ಚುಚ್ಚಿದ್ದ ಡ್ರಿಪ್ಪಿನ ನಳಿಗೆ ಅವನನ್ನು ಹಿಡಿದೆಳೆಯಿತು.

ಅವಳು ಕಳಿಸಿಬಿಟ್ಟಳು.

"ಈಗ ಎಲ್ಲರಿಗೂ ಗೊತ್ತುಂಟು," ಎಂದಳು, ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತ. "ಇನ್ನೊಂದು ದಿನ ನೀವು ಬಾರದಿದ್ರೆ ಅವರು ಯಾರಾದ್ರೂ ಹುಡುಕ್ಲಿ. ನಾನು ಹುಡುಕುದಿಲ್ಲ."